ಸಾಕ್ಷಿ ಒಬ್ಬರೇ ಒಳಗೆ ಬನ್ನಿ

ನನ್ನ ಹೆಂಡತಿ ಬೀಗ ರಿಪೇರಿ ಮಾಡುವವಳು. ನಮ್ಮ ರಸ್ತೆಯ ಜನಕ್ಕೆಲ್ಲ ಅವಳು ಬೀಗದಕ್ಕ, ನಾನು ಬೀಗದಕ್ಕನ ಯಜಮಾನರು. ನನಗೂ ಒಂದು ಕಸುಬಿದೆ ಎನ್ನುವುದು ಬಹಳ ಜನಕ್ಕೆ ನೆನಪಿರುವುದಿಲ್ಲ. ನಾನು ಫೋಟೋಗಳಿಗೆ ಕಟ್ಟು ಹಾಕುತ್ತೇನೆ. ಒಂದೇ ಅಂಗಡಿಯ ಬಲಗಡೆ ಅವಳ ಕೀಲಿ ಕತ್ತರಿಸುವ ಮಷೀನು, ಅರಗಳು, ಗೋಡೆ ತುಂಬ ನೇತುಹಾಕಿದ ಕೀಲಿಗಳು. ಎಡಗಡೆ ನನ್ನ ಗಾಜು, ಮರದ ಪಟ್ಟಿ, ಸಣ್ಣ ಮೊಳೆ. ಮಷೀನು ಶುರುವಾದರೆ ನನ್ನ ಗಾಜುಗಳೆಲ್ಲ ಗಡಗಡ ನಡುಗುತ್ತವೆ. ನಾನೂ ಸ್ವಲ್ಪ ನಡುಗುತ್ತೇನೆ.

ಅವಳಿಗೆ ಯಾರ ಮೇಲೂ ನಂಬಿಕೆ ಇಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುತ್ತಾಳೆ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಎನ್ನುತ್ತಾಳೆ. ನಾನು ತಡವಾಗಿ ಮನೆಗೆ ಬಂದರೆ ಎಲ್ಲಿಗೆ ಹೋಗಿದ್ದಿರಿ, ಬೇಗ ಬಂದರೆ ಏನು ಮಾಡಿಕೊಂಡು ಬಂದಿರಿ. ಇದನ್ನು ದೂರಾಗಿ ಹೇಳುತ್ತಿಲ್ಲ. ಬೀಗದ ಕಸುಬಿನವರು ಲೋಕವನ್ನು ನಂಬಿ ಕೂತರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಅದೂ ಅಲ್ಲದೆ ಅವಳ ಅನುಮಾನ ಬಹಳ ಸಲ ನಿಜವೇ ಆಗಿರುತ್ತದೆ. ಅವಳೊಡನೆ ಬಾಳುವುದು ಕಷ್ಟವಾಗುವುದೂ ಅದಕ್ಕೇ.

ಅಂಥವಳಿಗೆ ಸರ್ಕಾರಿ ವಕೀಲರ ಕಚೇರಿಯಿಂದ ಫೋನ್ ಬಂತು. ಕೇಸು ವಿಚಾರಣೆಗೆ ಬರುವ ಮುಂಚೆ ಮೇಡಂ ನಿಮ್ಮ ತಮ್ಮನ ಹತ್ತಿರ ಮಾತಾಡಬೇಕಂತೆ, ಕಳಿಸಿಕೊಡಿ ಎಂದರು. ಇವಳು ಫೋನ್ ಇಟ್ಟವಳೇ ನನ್ನ ಕಡೆ ತಿರುಗಿ, "ಯಾಕಂತೆ? ಹೇಳೋದನ್ನೆಲ್ಲ ಪೊಲೀಸರಿಗೆ ಹೇಳಿ ಆಗಿದೆ. ಈಗ ಇನ್ನೇನು ಮಾತಾಡೋದು ಉಳಿದಿದೆ?" ಎಂದಳು.  ನಾನು ಏನು ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ.

ಕೇಸು ಏನೆಂದು ಹೇಳಿಬಿಡುತ್ತೇನೆ. ನನ್ನ ಭಾಮೈದ ನಮ್ಮಲ್ಲೇ ಕೆಲಸಕ್ಕಿದ್ದ. ಸಂಜೆ ಅಂಗಡಿ ಮುಚ್ಚುವುದು, ಬೆಳಿಗ್ಗೆ ತೆಗೆಯುವುದು ಅವನ ಪಾಲಿನ ಕೆಲಸ. ಒಂದು ಬೆಳಿಗ್ಗೆ ನಾವಿಬ್ಬರೂ ಹೋಗುವಷ್ಟರಲ್ಲಿ ಅವನು ಮಷೀನಿನ ಪಕ್ಕ ಬೋರಲು ಬಿದ್ದಿದ್ದ. ತಲೆಯ ಹಿಂದೆ ನಮ್ಮದೇ ಸುತ್ತಿಗೆಯ ಏಟು. ಇನ್ನೂ ಹಲ್ಲು ಕತ್ತರಿಸದ ಹಿತ್ತಾಳೆ ಕೀಲಿಗಳ ಚೀಲ, ಹಳೆಯ ಬೀಗಗಳ ಚೀಲ, ಎರಡೂ ಮಾಯ. ನಾನು ರಸ್ತೆಗೆ ಓಡಿ ಯಾರು ಯಾರನ್ನೋ ಕೂಗಿ ಆಂಬುಲೆನ್ಸ್ ತರಿಸಿದೆ. ವಾಪಸ್ ಬಂದರೆ ನನ್ನ ಹೆಂಡತಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಅಳುತ್ತಲೇ ಇನ್ನೊಂದು ಕೈಯಲ್ಲಿ ಅಂಗಡಿಯ ಬೀಗವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು.

"ಒಂದು ಗೀರೂ ಇಲ್ಲ ರೀ," ಎಂದಳು. "ಇದನ್ನ ಒಡೆದಿಲ್ಲ. ತೆಗೆದಿದ್ದಾರೆ."

ಅದು ಅವಳ ಅಪ್ಪ ಕೈಯಾರೆ ಮಾಡಿದ ಬೀಗ. ಕೀಲಿ ಇಲ್ಲದೆ ಅದನ್ನು ತೆಗೆಯಬಲ್ಲವರು ಇಬ್ಬರೇ ಎಂದು ಅವಳು ಮೊದಲಿನಿಂದ ಜಂಬ ಕೊಚ್ಚುತ್ತಿದ್ದಳು. ಒಬ್ಬಳು ಅವಳು. ಇನ್ನೊಬ್ಬ ಅವಳ ಅಪ್ಪನ ಬಳಿಯೇ ಕಸುಬು ಕಲಿತು, ಆಮೇಲೆ ನಮ್ಮ ಮೂಗಿನ ಎದುರೇ ಅಂಗಡಿ ಹಾಕಿಕೊಂಡವನು. ಅವನನ್ನು ನಾವು ಎದುರಂಗಡಿಯವನು ಎಂದಲ್ಲದೆ ಬೇರೆ ಹೆಸರಿನಿಂದ ಕರೆದದ್ದಿಲ್ಲ. ಬೀಗ ತೆಗೆದದ್ದು ಇವಳಲ್ಲ. ಹಾಗಾದರೆ ಉಳಿದವನು ಯಾರು? ಲೆಕ್ಕ ಅಷ್ಟು ಸುಲಭವಿತ್ತು. ನಾನೂ ಒಪ್ಪಿದೆ.

ಭಾಮೈದನಿಗೆ ಪ್ರಜ್ಞೆ ಬರುವ ಮೊದಲೇ ಅವಳು ಅವನ ಹಾಸಿಗೆಯ ಪಕ್ಕ ಕೂತು ಇದನ್ನೇ ಹೇಳುತ್ತಿದ್ದಳು. ಪ್ರಜ್ಞೆ ಬಂದ ಮೇಲೂ ಹೇಳಿದಳು. ಗಂಜಿ ಕುಡಿಸುವಾಗ, ದಿಂಬು ಸರಿಮಾಡುವಾಗ, ನರ್ಸು ಬಂದಾಗ, ಎಲ್ಲ ಹೊತ್ತಿನಲ್ಲೂ ಅದೇ. ಪೊಲೀಸರು ಬಂದು, "ಯಾರು ಹೊಡೆದದ್ದು ಗೊತ್ತಾಯ್ತೇನಪ್ಪಾ?" ಎಂದು ಕೇಳಿದರು. ಅವನು ಅಕ್ಕನ ಮುಖ ನೋಡಿದ. "ಎದುರಂಗಡಿಯವನು" ಎಂದ. ಅಂದೇ ಎದುರಂಗಡಿಯವನನ್ನು ಹಿಡಿದುಕೊಂಡು ಹೋದರು. ಅವನು ಹಿಂದೊಮ್ಮೆ ಯಾರೋ ಕೇಳಿದರೆಂದು ಬೇರೆಯವರ ಬೀರು ತೆಗೆದುಕೊಟ್ಟು ಪೊಲೀಸರ ಕೈಗೆ ಸಿಕ್ಕಿಕೊಂಡಿದ್ದನಂತೆ, ಅದಕ್ಕೇ ಜಾಮೀನೂ ಸಿಗಲಿಲ್ಲ. ಶಟರ್ ಮುಚ್ಚಿತು. ಅವನ ಹೆಂಡತಿ ಆಗಾಗ ಬಂದು, ಮುಚ್ಚಿದ ಶಟರಿನ ಮುಂದೆ ಕಸ ಗುಡಿಸಿ, ನಮ್ಮ ಕಡೆ ನೋಡದೆ ಹೋಗುತ್ತಿದ್ದಳು. ನನ್ನ ಭಾಮೈದ ಬದುಕಿದ, ಆದರೆ ಅವನ ಎಡಗೈ ನಡುಗತೊಡಗಿತು. ಅರ ಹಿಡಿಯಲಾರ, ಸಣ್ಣ ಸ್ಪ್ರಿಂಗ್ ಕೂರಿಸಲಾರ. ಆ ಕೈ ನೋಡಿದಾಗೆಲ್ಲ ಎದುರಂಗಡಿಯವನು ಜೈಲಿನಲ್ಲೇ ಕೊಳೆಯಲಿ ಎಂದು ನನಗೂ ಅನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಸರ್ಕಾರಿ ವಕೀಲರ ಕಚೇರಿ ಕೋರ್ಟಿನ ಹಿಂಭಾಗದಲ್ಲಿತ್ತು. ಉದ್ದನೆಯ ಓಣಿ, ಗೋಡೆಗೆ ಒರಗಿಸಿಟ್ಟ ಬೆಂಚು, ನಲ್ಲಿ ಮುರಿದ ನೀರಿನ ಫಿಲ್ಟರು. ಬಾಗಿಲ ಮೇಲೆ 'ಸಾರ್ವಜನಿಕರ ಸೇವೆಗಾಗಿ' ಎಂಬ ಬೋರ್ಡು. ಅದನ್ನು ಓದಿದ ಕೂಡಲೇ ನನ್ನ ಹೆಂಡತಿ ಮೂಗು ಮುರಿದಳು. ಸೇವೆ ಮಾಡುವವರು ಬೋರ್ಡು ಹಾಕಿಕೊಳ್ಳುವುದಿಲ್ಲ ಎನ್ನುವುದು ಅವಳ ಅಭಿಪ್ರಾಯ.

ಬಾಗಿಲು ತೆಗೆದು ವಕೀಲೆಯೇ ಹೊರಗೆ ಬಂದರು. ನಡುವಯಸ್ಸಿನ ಹೆಂಗಸು, ಕನ್ನಡಕ ತಲೆಯ ಮೇಲೆ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ನಾವು ಮೂವರೂ ಎದ್ದು ನಿಂತೆವು.

"ಸಾಕ್ಷಿ ಒಬ್ಬರೇ ಒಳಗೆ ಬನ್ನಿ," ಎಂದರು.

"ನಾನು ಅವನ ಅಕ್ಕ," ಎಂದಳು ಇವಳು.

"ಗೊತ್ತು. ನೀವು ಇಲ್ಲೇ ಕೂತಿರಿ. ಇಲ್ಲಿ ಹಾಗೇ ನಡೆಯೋದು. ಯಾರೇ ಸಾಕ್ಷಿ ಬಂದ್ರೂ ಮೊದಲನೇ ಸಲ ಒಬ್ಬರನ್ನೇ ಕೂರಿಸಿಕೊಂಡು ಮಾತಾಡ್ತೀನಿ."

"ಅವನ ತಲೆಗೆ ಏಟು ಬಿದ್ದಿದೆ ಮೇಡಂ. ಒಂದೊಂದ್ಸಲ ತಡವರಿಸ್ತಾನೆ. ನಾನಿದ್ರೆ ನೆನಪು ಮಾಡ್ತೀನಿ."

"ಅದೇ ಬೇಡ," ಎಂದು ಮೇಡಂ ಬಾಗಿಲು ಹಾಕಿಕೊಂಡರು.

ಬೀಗದಕ್ಕನನ್ನು ಮುಚ್ಚಿದ ಬಾಗಿಲ ಹೊರಗೆ ನಿಲ್ಲಿಸುವುದು ಎಂಥ ಕೆಲಸ ಎಂದು ಆ ವಕೀಲೆಗೆ ಗೊತ್ತಿರಲಿಲ್ಲ. ಇವಳು ಬೆಂಚಿನ ಮೇಲೆ ಕೂರಲೇ ಇಲ್ಲ. ಬಾಗಿಲ ಹತ್ತಿರ ಹೋದಳು, ಬಗ್ಗಿ ನೋಡಿದಳು, ಕೀಲಿ ತೂತಿನ ಸುತ್ತ ಬೆರಳಾಡಿಸಿದಳು.

"ಇದನ್ನ ತೆಗೆಯೋಕೆ ತಲೆಪಿನ್ನು ಸಾಕು ರೀ," ಎಂದು ಪಿಸುಗುಟ್ಟಿದಳು.

"ತಗೀಬೇಡ ಮಾರಾಯ್ತಿ. ಒಳಗಿರೋದು ಸರ್ಕಾರಿ ವಕೀಲರು. ಆಮೇಲೆ ನಾನು ನಿಂಗೂ ಒಬ್ಬ ವಕೀಲನ್ನ ಹುಡುಕಬೇಕಾಗುತ್ತೆ."

ಅವಳು ನಗಲಿಲ್ಲ. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಎದುರಂಗಡಿಯವನ ಪರ ವಕೀಲ ಬಂದ. ಜಾಮೀನು ಅರ್ಜಿಯ ದಿನ ಅವನನ್ನು ನೋಡಿದ್ದೆವು, ಗುರುತು ಹತ್ತಿತು. ನಮ್ಮ ಕಡೆ ಕಣ್ಣೂ ಹಾಯಿಸದೆ ಪಕ್ಕದ ಕೋಣೆಗೆ ಹೋದ. ಅದು ಗುಮಾಸ್ತೆಯ ಕೋಣೆ. ಯಾವುದೋ ಕಾಗದ ಕೊಟ್ಟ, ಏನೋ ಹೇಳಿದ, ಒಳಗಿದ್ದವರು ನಕ್ಕರು. ಹೊರಗೆ ಬರುವಾಗ ಅವನ ಕೈಯಲ್ಲಿ ಟೀ ಲೋಟ. ಇವಳು ನನ್ನ ಮೊಣಕೈ ಹಿಡಿದು ಚಿವುಟಿದಳು.

"ನೋಡಿದ್ರಾ? ನಮಗೆ ನೀರಿಗೂ ಗತಿಯಿಲ್ಲ. ಅವನಿಗೆ ಟೀ."

ಹಾಳಾದ್ದು, ಅದು ನನ್ನ ಮನಸ್ಸಿಗೂ ನಾಟಿತು. ಎದುರು ಪಕ್ಷದ ವಕೀಲನಿಗೆ ಇಲ್ಲಿ ಇಷ್ಟು ಸಲಿಗೆ ಯಾಕೆ? ಅಕ್ಕನನ್ನು ಹೊರಗಿಟ್ಟು ತಲೆ ಸರಿಯಿಲ್ಲದ ತಮ್ಮನೊಡನೆ ಅಷ್ಟು ಹೊತ್ತು ಮಾತಾಡುವಂಥದ್ದು ಏನಿದೆ? ರಾಜಿಯಾಗು ಎಂದು ಹೆದರಿಸುತ್ತಿದ್ದಾರೆಯೇ? ಅನುಮಾನ ಎನ್ನುವುದು ಆಕಳಿಕೆಯ ಹಾಗೆ, ಪಕ್ಕದವರಿಂದ ಅಂಟಿಕೊಳ್ಳುತ್ತದೆ. ಒಳಗಿನಿಂದ ಮೇಡಂ ದನಿ ಒಂದೆರಡು ಸಲ ಕೇಳಿಸಿತು, ಭಾಮೈದನದು ಕೇಳಿಸಲೇ ಇಲ್ಲ.

ಅವನು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಅಕ್ಕನನ್ನು ನೋಡಿದವನೇ ತಲೆ ತಗ್ಗಿಸಿದ.

"ಏನು ಕೇಳಿದ್ರೋ?"

"ಏನಿಲ್ಲಕ್ಕ."

"ಏನಿಲ್ದೆ ಯಾಕೋ ಅತ್ತಿದ್ದೀಯ? ಬೈದ್ರಾ? ಹೆದರಿಸಿದ್ರಾ?"

"ಇಲ್ಲಕ್ಕ. ಒಳ್ಳೆಯವರು."

ಆ 'ಒಳ್ಳೆಯವರು' ಎಂಬ ಮಾತು ಅವಳನ್ನು ಇನ್ನೂ ಕೆರಳಿಸಿತು. ದಾರಿಯುದ್ದಕ್ಕೂ ಕೇಳಿದಳು, ಮನೆಯಲ್ಲೂ ಕೇಳಿದಳು. ಅವನು ಬಾಯಿ ಬಿಡಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಹಾಗೇ ಎದ್ದು ಹೋಗುತ್ತಿದ್ದ. ನಾನು ಒಬ್ಬನೇ ಸಿಕ್ಕಾಗ, "ಏನಾಯ್ತಯ್ಯಾ, ನನಗಾದ್ರೂ ಹೇಳು," ಎಂದೆ. "ಭಾವ, ನಿಮಗೆ ಹೇಳಿದ್ರೆ ಅಕ್ಕನಿಗೆ ಹೇಳಿದ ಹಾಗೇ ಅಲ್ವಾ?" ಎಂದ. ಅದು ನಿಜವೇ, ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆದರೂ ನನಗೆ ನೋವಾಯಿತು.

ಆಮೇಲೆ ಒಂದು ಬೆಳಿಗ್ಗೆ ಎದುರಂಗಡಿಯ ಶಟರ್ ಅರ್ಧ ಎತ್ತಿತ್ತು. ಅವನ ಹೆಂಡತಿ ಒಳಗೆ ನೀರು ಹಾಕಿ ತೊಳೆಯುತ್ತಿದ್ದಳು. ಇಷ್ಟು ದಿನ ಹೊರಗೆ ಮಾತ್ರ ಗುಡಿಸಿ ಹೋಗುತ್ತಿದ್ದವಳು ಈಗ ಒಳಗೆ ತೊಳೆಯುತ್ತಿದ್ದಾಳೆ ಎಂದರೆ ಏನರ್ಥ? ನನ್ನ ಹೆಂಡತಿ ಕೈಯಲ್ಲಿದ್ದ ಅರ ಕೆಳಗಿಟ್ಟಳು.

"ಕೇಸು ಮಾರಿಕೊಂಡಿದ್ದಾರೆ," ಎಂದಳು. "ನಡೀರಿ."

ಭಾಮೈದನೂ ನಮ್ಮ ಹಿಂದೆಯೇ ಬಂದ, ಬೇಡವೆಂದರೂ ಕೇಳಲಿಲ್ಲ. ಕಚೇರಿ ತಲುಪಿದ ಮೇಲೆ ಅವನು ಬೆಂಚಿನ ಮೇಲೆ ಕೂತ. ಇವಳು ಯಾರನ್ನೂ ಕೇಳದೆ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು, ನಾನು ಅವಳ ಸೆರಗಿನ ಹಿಂದೆ ಹೋದೆ. ಮೇಡಂ ಮೇಜಿನ ಮೇಲೆ ಡಬ್ಬಿ ಬಿಚ್ಚಿಟ್ಟುಕೊಂಡು ಊಟಕ್ಕೆ ಕೂತಿದ್ದರು. ನಮ್ಮನ್ನು ನೋಡಿ ಮುಚ್ಚಳ ಹಾಕಿದರು.

"ಎದುರಂಗಡಿಯವನನ್ನ ಬಿಡ್ತಿದ್ದೀರಂತಲ್ಲ?" ಇವಳು ಕೂರಲೂ ಇಲ್ಲ.

"ಬಿಡೋದು ನಾನಲ್ಲ, ಕೋರ್ಟು. ಆದ್ರೆ ಅವರನ್ನ ಒಳಗಿಡಬೇಕು ಅಂತ ನಾನು ಇನ್ನು ಮುಂದೆ ವಾದ ಮಾಡಲ್ಲ. ಅದನ್ನ ನಾಳೆ ಕೋರ್ಟಿಗೆ ಹೇಳ್ತೀನಿ. ಅವರ ವಕೀಲರಿಗೆ ಆಗಲೇ ಹೇಳಿದ್ದೀನಿ."

"ಅವರಿಗೆ ಹೇಳಿದ್ದೀರ! ನಮಗೆ ಹೇಳಿಲ್ಲ!"

"ನಿಮ್ಮ ತಮ್ಮ ನನಗೆ ಹೇಳಿದ್ದು ಆರೋಪಿಗೆ ಅನುಕೂಲ ಆಗೋ ಮಾತು. ಅಂಥದ್ದನ್ನ ನಾನು ಮುಚ್ಚಿಡೋ ಹಾಗಿಲ್ಲ, ಅವರಿಗೆ ಕೊಡಲೇಬೇಕು. ಅದು ನನ್ನ ಕೆಲಸ. ನಿಮಗೆ ಅವರೇ ಹೇಳ್ತೀನಿ ಅಂದ್ರು. ಸ್ವಲ್ಪ ಟೈಮ್ ಕೊಡಿ ಅಂತ ಕೇಳಿಕೊಂಡ್ರು, ಕೊಟ್ಟೆ."

"ನೀವು ನಮ್ಮ ವಕೀಲರೋ ಅವರ ವಕೀಲರೋ? ಅದನ್ನ ಮೊದ್ಲು ಹೇಳಿ!" ಇವಳ ದನಿ ಓಣಿಯ ತುದಿಯವರೆಗೂ ಕೇಳಿಸಿರಬೇಕು. "ನನ್ನ ತಮ್ಮನ ಕೈ ನೋಡಿದ್ದೀರಾ? ಅವನು ಇನ್ನು ಜನ್ಮದಲ್ಲಿ ಒಂದು ಕೀಲಿ ಮಾಡ್ತಾನಾ? ನೀವು ಅವರ ವಕೀಲನಿಗೆ ಟೀ ಕುಡಿಸ್ಕೊಂಡು ಕೂತಿದ್ದೀರಲ್ಲ, ಹೊಟ್ಟೆ ಉರಿಯಲ್ವಾ?"

ಮೇಡಂ ಮುಖ ಕೆಂಪೇರಿತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ನಾನು ನಿಮ್ಮ ವಕೀಲಳೂ ಅಲ್ಲ ಅವರ ವಕೀಲಳೂ ಅಲ್ಲಮ್ಮ. ಇಡೀ ಊರಿನ ಪರ ವಕೀಲಳು. ಎದುರಂಗಡಿಯವರೂ ಇದೇ ಊರಿನವರು," ಎಂದರು.

ಇವಳು ಅದಕ್ಕೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಮ್ಮ ಹಿಂದೆ ಬಾಗಿಲು ಸರಿಯಿತು. ಭಾಮೈದ ಒಂದು ಕೈಯಿಂದ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದ.

"ಅಕ್ಕ," ಎಂದ. "ಬೀಗ ಹಾಕಿರ್ಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. "ಯಾವ ಬೀಗ?"

"ಅಂಗಡೀದು. ಹಿಂದಿನ ದಿನ ಸಂಜೆ. ಕೊಂಡಿಗೆ ಸಿಕ್ಕಿಸಿದೆ, ಒತ್ತಲಿಲ್ಲ. ಮರೆತೇ ಹೋಯ್ತು. ಬೆಳಿಗ್ಗೆ ಬಂದು ನೋಡ್ತೀನಿ, ಬೀಗ ತೆಗೆದು ಮೆಟ್ಟಿಲ ಮೇಲಿದೆ. ನೀನು ಬರೋದ್ರೊಳಗೆ ಎಲ್ಲ ಸರಿಯಿದ್ಯಾ ನೋಡ್ಬಿಡೋಣ ಅಂತ ಒಳಗೆ ಹೋದೆ. ಹಿಂದಿನಿಂದ ಹೊಡೆದ್ರು. ಯಾರೂಂತ ನೋಡಿಲ್ಲ ಅಕ್ಕ. ನಿಜವಾಗ್ಲೂ ನೋಡಿಲ್ಲ."

"ಪೊಲೀಸರಿಗೆ ಅವನ ಹೆಸರು ಹೇಳಿದ್ಯಲ್ಲೋ!"

"ನೀನು ಹೇಳ್ತಾನೇ ಇದ್ದೆ. ಕೇಳಿ ಕೇಳಿ ನನಗೂ ಅವನ ಮುಖಾನೇ ಕಾಣಿಸೋಕೆ ಶುರುವಾಯ್ತು. ಒಂದೊಂದ್ಸಲ ಈಗ್ಲೂ ಕಾಣಿಸುತ್ತೆ. ಮೇಡಂ ಅವನ ಷರ್ಟು ಯಾವ ಬಣ್ಣ ಅಂತ ಕೇಳಿದ್ರು. ಅದು ಮಾತ್ರ ಕಾಣಿಸ್ಲಿಲ್ಲ. ನೀನು ಯಾವತ್ತೂ ಷರ್ಟಿನ ಬಣ್ಣ ಹೇಳಿರ್ಲಿಲ್ಲ."

ಇವಳು ಕುರ್ಚಿ ಹಿಡಿದುಕೊಂಡಳು. ನಾನು ಅವಳ ಭುಜದ ಮೇಲೆ ಕೈಯಿಟ್ಟರೆ ಕೊಡವಿದಳು. ಇನ್ನೂ ನಂಬಲು ಮನಸ್ಸಿರಲಿಲ್ಲ, ಅವಳ ಕಣ್ಣು ಮೇಡಂ ಕಡೆಯಿಂದ ತಮ್ಮನ ಕಡೆ, ತಮ್ಮನ ಕಡೆಯಿಂದ ಮೇಡಂ ಕಡೆ ಓಡಾಡುತ್ತಿತ್ತು. ಇದನ್ನು ಇವರೇ ಹೇಳಿಕೊಟ್ಟಿರಬೇಕು ಎಂದು ಯೋಚಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

"ಸುಳ್ಳು," ಎಂದಳು. "ನೀನು ಬೀಗ ಹಾಕೋದು ಮರೆಯೋನಲ್ಲ. ಆವತ್ತು ಸಂಜೆ ನಾನೇ ಫೋನ್ ಮಾಡಿ ಕೇಳಿದ್ದೆ."

"ಆಗಲೇ ಅಕ್ಕ ಮರೆತಿದ್ದು," ಎಂದ ಅವನು. "ಬೀಗ ಸಿಕ್ಕಿಸ್ತಿದ್ದೆ, ನಿನ್ನ ಫೋನ್ ಬಂತು. ಬೀಗ ಹಾಕಿದ್ಯಾ ಅಂತ ನೀನಂದೆ. ಹಾಕಿದೆ ಅಂತ ನಾನಂದೆ. ಎಳೆದು ನೋಡಿದ್ಯಾ ಅಂದೆ. ನೋಡಿದೆ ಅಂದೆ. ಇನ್ನೊಂದ್ಸಲ ನೋಡು ಅಂದೆ. ಸಿಟ್ಟು ಬಂತು. ಹಾಗೇ ಮಾತಾಡ್ತಾ ಮಾತಾಡ್ತಾ ಹೊರಟುಹೋದೆ."

ದಿನಾ ಸಂಜೆ ನನ್ನ ಮುಂದೆಯೇ ಅವಳು ಆ ಫೋನ್ ಮಾಡುತ್ತಿದ್ದಳು. ನಾನು ನಗುತ್ತಿದ್ದೆ, ಬೇರೇನೂ ಮಾಡುತ್ತಿರಲಿಲ್ಲ.

"ಮೊದಲೇ ಯಾಕೋ ಹೇಳ್ಲಿಲ್ಲ?" ಈಗ ಅವಳ ದನಿ ತೀರ ಸಣ್ಣದಾಗಿತ್ತು.

"ನಿನಗಾ? ಬೀಗ ಹಾಕ್ದೇ ಹೋದೆ ಅಂತ ನಿನಗೆ ಹೇಳೋದಾ ಅಕ್ಕ?"

ಅವನು ಅದನ್ನು ಕೊಂಕಾಗಿ ಹೇಳಲಿಲ್ಲ. ನಿಜವಾಗಿಯೂ ಅವನಿಗೆ ಅದು ಆಗದ ಮಾತಾಗಿತ್ತು. ಒಬ್ಬ ಮನುಷ್ಯ ಜೈಲಿನಲ್ಲಿರುವುದನ್ನು ಅವನು ಸಹಿಸಿಕೊಂಡ, ಅಕ್ಕನ ಎದುರು ಆ ಒಂದು ಮಾತು ಆಡಲು ಧೈರ್ಯ ಬರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಅಷ್ಟೇ ಕರುಣೆಯೂ ಬಂತು. ಮೇಡಂ ಎದ್ದು ಜಗ್ಗಿನಿಂದ ನೀರು ಬಗ್ಗಿಸಿ ಇವಳ ಮುಂದಿಟ್ಟರು. ಇವಳು ಕುಡಿಯಲಿಲ್ಲ.

"ಹಾಗಾದ್ರೆ ಹೊಡೆದೋರು ಯಾರು?" ಎಂದು ನಾನೇ ಕೇಳಿದೆ.

"ಗೊತ್ತಿಲ್ಲ. ಹಿತ್ತಾಳೆ ಹೊತ್ತುಕೊಂಡು ಹೋಗಿದ್ದಾರೆ, ಗುಜರಿ ಕಡೆ ಹುಡುಕಿ ಅಂತ ಪೊಲೀಸರಿಗೆ ಬರೆದಿದ್ದೀನಿ. ಮೊದಲ ದಿನವೇ ಹುಡುಕಿದ್ದಿದ್ರೆ ಸಿಗ್ತಿದ್ರೇನೋ. ಈಗ ಕಷ್ಟ," ಎಂದು ಮೇಡಂ ಮತ್ತೆ ತಮ್ಮ ಡಬ್ಬಿಯ ಮುಚ್ಚಳ ನೋಡಿದರು. ಹಸಿದಿದ್ದರು, ಪಾಪ.

ಮರುದಿನ ಕೋರ್ಟಿನಲ್ಲಿ ಮೇಡಂ ಹೇಳುವುದನ್ನು ಹೇಳಿದರು. ನನ್ನ ಹೆಂಡತಿ ಅಲ್ಲಿಗೂ ಬಂದಳು. ಯಾರೂ ಕರೆಯದಿದ್ದರೂ ಎದ್ದು ನಿಂತು, "ಹೆಸರು ಹೇಳಿಕೊಟ್ಟಿದ್ದು ನಾನು," ಎಂದಳು. ಕೂತುಕೊಳ್ಳಿ ಎಂದರು, ಕೂತಳು. ಎದುರಂಗಡಿಯವನು ಕಟಕಟೆಯಿಂದ ಅವಳನ್ನು ನೋಡಿದ. ತೀರ ಸೊರಗಿದ್ದ. ಹೊರಗೆ ಓಣಿಯಲ್ಲಿ ಅವನು ಹೆಂಡತಿಯ ಜೊತೆ ಹೋಗುವಾಗ ಇವಳು ಅಡ್ಡ ನಿಂತಳು. ಕ್ಷಮೆ ಕೇಳುವುದು ಅವಳಿಗೆ ಅಭ್ಯಾಸವಿಲ್ಲ.

"ನಿಮ್ಮಪ್ಪನ ಆ ಬೀಗ ನನ್ನ ಕೈಲಿ ಒಂದು ದಿನವೂ ತೆಗೆಯೋಕೆ ಆಗಿಲ್ಲ," ಎಂದ ಅವನು. "ಪೊಲೀಸರಿಗೆ ಎಷ್ಟೋ ಸಲ ಹೇಳಿದೆ. ಬೀಗದಕ್ಕ ಹೇಳಿದ್ದಾರೆ, ನಿನಗೆ ಬರುತ್ತೆ ಅಂತ ಹೊಡೆದ್ರು."

ಅಷ್ಟು ಹೇಳಿ ಹೋದ. ಇವಳು ಆ ರಾತ್ರಿ ಊಟ ಮಾಡಲಿಲ್ಲ. ನಾನು ಕರೆಯಲೂ ಇಲ್ಲ.

ಅವನು ಅಂಗಡಿ ತೆರೆದ. ಬೆಳಿಗ್ಗೆ ಬಂದು ಶಟರ್ ಎತ್ತಿ, ಸಾಮಾನು ಒರೆಸಿ, ಸ್ಟೂಲಿನ ಮೇಲೆ ಕೂರುತ್ತಿದ್ದ. ಅವನ ಹತ್ತಿರ ಯಾರೂ ಬರುತ್ತಿರಲಿಲ್ಲ. ನಮ್ಮ ಕಡೆ ಮಾತ್ರ ಎಂದಿಗಿಂತ ಹೆಚ್ಚು ಜನ. ಒಂದು ಮಧ್ಯಾಹ್ನ ಔಷಧಿ ಅಂಗಡಿಯವರು ಬಂದು, ಕಾಗದದಲ್ಲಿ ಸುತ್ತಿದ ಭಾರವಾದ ಬೀಗವನ್ನು ನಮ್ಮ ಮೇಜಿನ ಮೇಲಿಟ್ಟರು. ಅದು ಎದುರಂಗಡಿಯವನ ಕೆಲಸ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು.

"ಇದು ನನಗೆ ಬೇಡ, ಬದಲಿಗೆ ನಿಮ್ಮದೊಂದು ಕೊಡಿ ಬೀಗದಕ್ಕ. ಇದರ ಇನ್ನೊಂದು ಕೀಲಿ ಅವನ ಹತ್ರ ಇದ್ರೆ ಏನು ಗತಿ?"

"ಅವನು ಕಳ್ಳ ಅಲ್ಲ," ಎಂದಳು ನನ್ನ ಹೆಂಡತಿ. "ನಾನು ತಪ್ಪು ಹೇಳಿದ್ದೆ. ನಿಮ್ಮ ಬೀಗ ಚೆನ್ನಾಗಿದೆ, ತಗೊಂಡು ಹೋಗಿ."

ಔಷಧಿ ಅಂಗಡಿಯವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನನಗೆ ಅರ್ಥ ಆಗುತ್ತಮ್ಮ. ಕೋರ್ಟು ಅಂದ್ಮೇಲೆ ಒತ್ತಡ ಇರುತ್ತೆ. ನೀವು ಹೀಗೇ ಹೇಳಬೇಕು ಅಂತ ಮಾಡಿರ್ತಾರೆ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ." ಬೀಗವನ್ನು ಅಲ್ಲೇ ಬಿಟ್ಟು ಹೊರಟರು.

ಇವಳು ಬೀಗ ಎತ್ತಿಕೊಂಡು ಅವರ ಹಿಂದೆ ಓಡಿದಳು. ನಡುರಸ್ತೆಯಲ್ಲಿ ನಿಂತು, "ಯಾರೂ ಒತ್ತಡ ಹಾಕಿಲ್ಲ! ನಾನೇ ಸುಳ್ಳು ಹೇಳಿದ್ದು! ಅವನು ಏನೂ ಮಾಡಿಲ್ಲ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದರು. ಟೈಲರ್ ನನ್ನ ಹತ್ತಿರ ಬಂದು, "ಪಾಪ, ತುಂಬಾ ಹೆದರಿಸಿದ್ದಾರೆ ಅಂತ ಕಾಣುತ್ತೆ, ಒಳಗೆ ಕರ್ಕೊಂಡು ಹೋಗಿ," ಎಂದ. ಅಲ್ಲ ಮಾರಾಯ, ಅವಳು ಹೇಳುತ್ತಿರುವುದು ನಿಜ ಎಂದೆ. ಅವನು ನನ್ನ ಬೆನ್ನು ತಟ್ಟಿದ.

ಎದುರಂಗಡಿಯವನು ಸ್ಟೂಲಿನಿಂದ ಎದ್ದ. ಇವಳ ಕೈಯಲ್ಲಿದ್ದ ತನ್ನ ಬೀಗವನ್ನು ನೋಡಿದ, ಸುತ್ತ ನಿಂತ ಜನರ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಸ್ಟೂಲನ್ನು ಒಳಗಿಟ್ಟು, ಹಾಡಹಗಲೇ ಶಟರ್ ಎಳೆದ.